ಅತ್ತೆಯ ಜಾಡಿ, ಮಾವನ ಸಿಗಾರು

ಏಳು ಹರಳಿನ ಮೂಗುಬೊಟ್ಟು, ಅದರ ಕೆಳಗೆ ಅಡ್ಡಲಾಗಿ ಹಿಡಿದ ಒಂದು ಕಂದು ಸಿಗಾರು. ನಮ್ಮ ಅತ್ತೆಯನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಬರುವುದು ಇದೇ. ಸಿಗಾರಿಗೆ ಬೆಂಕಿ ಹಚ್ಚಿರುತ್ತಿರಲಿಲ್ಲ. ಅವರು ಜನ್ಮದಲ್ಲಿ ಒಂದು ದಮ್ಮು ಎಳೆದವರಲ್ಲ. ಕಣ್ಣು ಮುಚ್ಚಿಕೊಂಡು ಅದನ್ನು ಮೂಗಿನ ಕೆಳಗೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆಯುತ್ತಿದ್ದರು. ಹುಬ್ಬು ಗಂಟಿಕ್ಕುತ್ತಿತ್ತು. "ಊಹೂಂ, ಇನ್ನೂ ಹಸಿ" ಎಂದು ಅದನ್ನು ವಾಪಸು ಜಾಡಿಗೆ ಇಳಿಸಿ, ಬಾಯಿಗೆ ಬಟ್ಟೆ ಕಟ್ಟಿ, ಕೈ ತೊಳೆದುಕೊಂಡು ಹುರುಳಿಕಾಯಿ ಹೆಚ್ಚಲು ಕೂರುತ್ತಿದ್ದರು.

ನಾನು ಹುಬ್ಬಳ್ಳಿಯವಳು. ಮುಂಬಯಿಯ ಸಯನ್ನಿನ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಮೈಸೂರು ಕಡೆಯ ಸಂಸಾರ. ಮದುವೆಗೆ ಮೊದಲು ನನ್ನ ಗಂಡ ಕೊಟ್ಟ ಎಚ್ಚರಿಕೆ ಒಂದೇ ಒಂದು: "ನಮ್ಮಪ್ಪ ಸಿಗಾರ್ ಸೇದ್ತಾರೆ, ಬೇಜಾರು ಮಾಡ್ಕೋಬೇಡ." ನಮ್ಮ ತವರಿನಲ್ಲಿ ತಂಬಾಕು ಎಂದರೆ ಅಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಇರುತ್ತಿದ್ದ ಚಿಟಿಕೆ ಅಷ್ಟೇ. ನಾನು ಮೂಗನ್ನು ಸಿದ್ಧ ಮಾಡಿಕೊಂಡೇ ಬಂದೆ. ಮೊದಲ ದಿನ ಊಟವಾದ ಮೇಲೆ ಮಾವ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಹಚ್ಚಿದರು. ಹೊಗೆ ಒಳಗೆ ಬಂತು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಕೆಳಗಿಳಿಯಿತು. ಹುರಿದ ಕಾಫಿಬೀಜದ ಹಾಗೆ, ಹಳೆಯ ಬೆಲ್ಲದ ಹಾಗೆ ಏನೋ ಒಂದು ವಾಸನೆ. ಕೆಟ್ಟದ್ದೇನಲ್ಲ.

ಅತ್ತೆ ಪಾತ್ರೆ ಒರೆಸುತ್ತ ನನ್ನನ್ನೇ ನೋಡುತ್ತಿದ್ದರು. "ತಡಕೋಬಹುದು ಅಲ್ವೇನೇ?" ಎಂದರು. "ಒಂದು ಹತ್ತು ವರ್ಷ ಮುಂಚೆ ಬಂದಿದ್ದರೆ ಮೊದಲ ದಿನವೇ ನಿಮ್ಮೂರಿನ ಟ್ರೇನು ಹತ್ತುತ್ತಿದ್ದೆ."

ಆ ಹಳೆಯ ಕಥೆಯನ್ನು ಅವರು ಮೆಂತ್ಯ ಸೊಪ್ಪು ಬಿಡಿಸುವಾಗ, ಅಕ್ಕಿ ಆರಿಸುವಾಗ, ಕಂತು ಕಂತಾಗಿ ಹೇಳಿದ್ದು.

ಮಾವ ಹಡಗಿನ ಕಂಪನಿಯೊಂದರ ಕಚೇರಿಯಲ್ಲಿ ಗುಮಾಸ್ತರು. ಕಾಗದಪತ್ರಕ್ಕೆ ಸಹಿ ಹಾಕಿಸಲು ಬಂದರಿಗೆ ಹೋದಾಗ ಯಾವನೋ ಕ್ಯಾಪ್ಟನ್ ಖುಷಿಯಲ್ಲಿ ಒಂದು ವಿದೇಶಿ ಸಿಗಾರು ಕೊಟ್ಟನಂತೆ. ಅಲ್ಲಿಗೆ ಕೆಟ್ಟಿತು. ಕೈಯಲ್ಲಿ ಗುಮಾಸ್ತರ ಸಂಬಳ, ಬಾಯಲ್ಲಿ ಕ್ಯಾಪ್ಟನ್ನನ ನಾಲಿಗೆ! ವಿದೇಶಿ ಮಾಲು ಕೊಳ್ಳುವ ಮಾತೇ ಇಲ್ಲ. ಗ್ರಾಂಟ್ ರೋಡಿನ ಒಂದು ತಂಬಾಕಿನ ಅಂಗಡಿಯಲ್ಲಿ ತಮಿಳು ಸೀಮೆಯ ಅಗ್ಗದ ಸಿಗಾರು ಸಿಗುತ್ತಿತ್ತು. ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಕಟ್ಟು. ಸುತ್ತಿದ ಎಲೆಯ ಹಸಿ ಆರುವ ಮೊದಲೇ ಅಂಗಡಿಗೆ ಬಂದುಬಿಡುತ್ತಿದ್ದ ಮಾಲು ಅದು. ಹಚ್ಚಿದರೆ ಕುದುರೆ ಲಾಯದ ನಾತ. ಮಾವ ದಿನಕ್ಕೆ ಏಳೆಂಟು ಸುಡುತ್ತಿದ್ದರು. ಪರದೆ, ದಿಂಬು, ಒಗೆದ ಬಟ್ಟೆ ಯಾವುದಕ್ಕೂ ಬಿಡುಗಡೆ ಇರಲಿಲ್ಲ. "ದೇವರ ಮುಂದೆ ಊದುಬತ್ತಿ ಹಚ್ಚಿದರೂ ಕೊನೆಗೆ ಗೆಲ್ಲೋದು ಇವರ ವಾಸನೆಯೇ" ಎಂದು ಅತ್ತೆ ಹೇಳುತ್ತಿದ್ದರು.

ಒಂದು ಚಳಿಗಾಲ ಮಾವನಿಗೆ ಹಿಡಿದ ಕೆಮ್ಮು ಬಿಡಲಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ, ಹೀಗೇ ನಡೆದರೆ ಹೆಚ್ಚು ವರ್ಷ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರಂತೆ. ಮಾವ ಹೂಂ ಎಂದರು. ಬಿಲ್ಡಿಂಗಿನ ಗೇಟು ದಾಟಿ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಸೇದಿ ಬಂದರು. ಆಮೇಲೆ ಮನೆಯೊಳಗೆ ಕಣ್ಣಾಮುಚ್ಚಾಲೆ ಶುರುವಾಯಿತು. ಅತ್ತೆ ಕಟ್ಟುಗಳನ್ನು ಬಚ್ಚಿಡುವುದು, ಮಾವ ಹುಡುಕಿ ತೆಗೆಯುವುದು. ಅಕ್ಕಿ ಡಬ್ಬ, ಹಾಸಿಗೆಯ ಅಡಿ, ಹೊಲಿಗೆ ಮೆಷೀನಿನ ಡ್ರಾಯರು, ಎಲ್ಲ ಆಯಿತು. ಒಂದು ಕಟ್ಟನ್ನು ಅತ್ತೆ ಅಡುಗೆಮನೆಯ ಅಟ್ಟದ ಮೇಲಿದ್ದ ಕಲ್ಲುಪ್ಪಿನ ಜಾಡಿಗೆ ಹಾಕಿ ಬಾಯಿಗೆ ಬಟ್ಟೆ ಬಿಗಿದರು. ಜಾಡಿಯ ತಳದಲ್ಲಿ ಒಂದಿಷ್ಟು ಉಪ್ಪು ಉಳಿದಿತ್ತು. ಬಚ್ಚಿಟ್ಟದ್ದು ಅವರಿಗೇ ಮರೆತುಹೋಯಿತು.

ಎರಡು ಮಳೆಗಾಲ ಕಳೆದ ಮೇಲೆ ಉಪ್ಪಿನಕಾಯಿ ಹಾಕಲು ಜಾಡಿ ಬೇಕೆಂದು ಇಳಿಸಿದರೆ ಒಳಗೆ ಸಿಗಾರು. ಬೂಷ್ಟು ಹಿಡಿದಿರಲಿಲ್ಲ. ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತಂತೆ. ಎಸೆಯಲು ಮನಸ್ಸು ಬರಲಿಲ್ಲ, ಕೊಟ್ಟೇಬಿಟ್ಟರು. ಮಾವ ಹಚ್ಚಿ ಎರಡು ದಮ್ಮು ಎಳೆದರಂತೆ. ಪೂರ್ತಿ ಮುಗಿಸಿ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು.

"ಎಲ್ಲಿ ಸಿಕ್ತು ನಿಂಗಿದು? ಯಾವ ಹಡಗಿನದು?"

"ನಿಮ್ಮ ಗ್ರಾಂಟ್ ರೋಡ್ ಹಡಗಿನದೇ ರೀ."

ಆ ಹೊತ್ತಿನಲ್ಲೇ ಅತ್ತೆಗೆ ದಾರಿ ಹೊಳೆದದ್ದು. ಬಿಡಿಸಲು ಆಗದ ಚಟವನ್ನು ಕಾಯಿಸಬಹುದಲ್ಲ! ಕರಾರು ಮಾಡಿಕೊಂಡರು. ಇಂಥದ್ದು ದಿನಕ್ಕೊಂದು, ಅದೂ ಊಟದ ಮೇಲೆ. ಹಗಲು ಹೊತ್ತು ಅಂಗಡಿಯದ್ದನ್ನು ಮುಟ್ಟಿದರೆ ಇದೂ ಇಲ್ಲ. ಮೊದಲ ಎರಡು ವರ್ಷ ಮಾಗಿದ ದಾಸ್ತಾನೇ ಇರಲಿಲ್ಲವಾದ್ದರಿಂದ ಬರೀ ಜಗಳದಲ್ಲಿ ಕಳೆಯಿತಂತೆ. ಮಾವ ಕದ್ದು ಸೇದುವುದು, ಅತ್ತೆ ಅಂಗಿಯನ್ನು ಮೂಸಿ ಹಿಡಿಯುವುದು. ನಾನು ಬರುವ ಹೊತ್ತಿಗೆ ಯುದ್ಧ ಮುಗಿದು ರಾಜ್ಯಭಾರ ನಡೆದಿತ್ತು. ಅಟ್ಟದ ಮೇಲೆ ಸಾಲಾಗಿ ಜಾಡಿಗಳು, ಕೆಳಗೆ ಬಾಲ್ಕನಿಯಲ್ಲಿ ಕೈಕಟ್ಟಿ ಕಾಯುವ ಮಾವ.

"ಮಾವಿನ ಮಿಡಿಗೆ ಏನು ಬೇಕೋ ಇದಕ್ಕೂ ಅದೇ ಬೇಕು ಕಣೇ" ಎನ್ನುತ್ತಿದ್ದರು ಅತ್ತೆ. "ಜಾಡಿ, ಉಪ್ಪು, ಕತ್ತಲೆ. ಆಮೇಲೆ ನಾವು ಸುಮ್ಮನಿರಬೇಕು. ಅದೇ ಯಾರಿಗೂ ಆಗಲ್ಲ." ಜಾಡಿಯ ತಳದಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ಚೂರು ನೀರು ಚಿಮುಕಿಸಿದ ಕಲ್ಲುಪ್ಪು. ಅದರ ಮೇಲೆ ಹಳೆಯ ಮೊರದಿಂದ ಕತ್ತರಿಸಿದ ಬಿದಿರಿನ ತಟ್ಟಿ, ತಟ್ಟಿಯ ಮೇಲೆ ಸಿಗಾರುಗಳು. ಮುಂಬಯಿಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಆಗ ಉಪ್ಪು ಜಾಡಿಯೊಳಗಿನ ತೇವ ಕುಡಿದು ನೀರಾಗುತ್ತಿತ್ತು. ಚಳಿಗಾಲದ ಒಣಹವೆಗೆ ಅದೇ ಉಪ್ಪು ಕುಡಿದದ್ದನ್ನು ವಾಪಸು ಬಿಟ್ಟು ಗಟ್ಟಿಯಾಗುತ್ತಿತ್ತು. ಅತ್ತೆ ಶುಕ್ರವಾರದ ಪೂಜೆ ಮುಗಿಸಿ ಜಾಡಿ ತೆರೆದು, ನೀರಾದ ಉಪ್ಪನ್ನು ಬದಲಿಸಿ, ಕೆಳಗಿನ ಸಿಗಾರನ್ನು ಮೇಲೆ ಮಾಡಿ, ಒಂದೊಂದನ್ನೂ ಮೂಸಿ ನೋಡುತ್ತಿದ್ದರು. ಒದ್ದೆ ಕೈಯಲ್ಲಿ ಯಾರಾದರೂ ಹತ್ತಿರ ಬಂದರೆ ಮುಗಿಯಿತು, ಮೂರು ಮನೆಗೆ ಕೇಳುವ ಹಾಗೆ ಕೂಗುತ್ತಿದ್ದರು. ಒಂದು ವರ್ಷ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡವು. ಹುಳು. ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರಿಗೆ ತಳ್ಳಿದರು. ನಾನು ಐಸ್ ತೆಗೆಯಲು ಹೋಗಿ, ಇದೇನೋ ಒಣಗಿದ ನುಗ್ಗೆಕಾಯಿ ಎಂದುಕೊಂಡೆ.

ಹದದ ವಿಷಯದಲ್ಲಿ ಅವರ ಮೂಗಿನ ಮಾತೇ ಕೊನೆ. ಹೊಸ ಸಿಗಾರಿನಲ್ಲಿ ಮೂಗಿನ ಮೇಲ್ಭಾಗಕ್ಕೆ ಚುಚ್ಚುವ ಘಾಟು ಇರುತ್ತದೆ. ಅದು ಮೊದಲು ಹೋಗಬೇಕು. ಆಮೇಲೆ ಕೆಲವು ತಿಂಗಳು ಯಾವ ವಾಸನೆಯೂ ಇಲ್ಲದೆ ಸಪ್ಪೆಯಾಗಿ ಮಲಗುತ್ತದೆ. ಆಗ ಗಾಬರಿಯಾಗಬಾರದು. ಅದು ಕಳೆದ ಮೇಲೆ ನಿಧಾನಕ್ಕೆ ಸಿಹಿ ಏಳುತ್ತದೆ. ಮಾವ ಆ ಸಪ್ಪೆ ಕಾಲದಲ್ಲಿ ಸುಮ್ಮನೆ ತಲೆ ತಿನ್ನುತ್ತಿದ್ದರು. "ಆಗಿದೆ ಕಣೆ ಅದು, ನೀನೇ ಸತಾಯಿಸ್ತಿದ್ದೀಯ."

"ಸತಾಯಿಸ್ತಿಲ್ಲ ರೀ. ಬೇಕಾದ್ರೆ ಸೇದಿ. ಕೆಮ್ಮಿದ್ರೆ ನನ್ನ ಹತ್ರ ಬರಬೇಡಿ."

ಮಾವ ಗೊಣಗುತ್ತ ಕುರ್ಚಿಗೆ ವಾಪಸಾಗುತ್ತಿದ್ದರು.

ನನ್ನನ್ನು ಒಮ್ಮೆ ಗ್ರಾಂಟ್ ರೋಡಿಗೆ ಕರೆದುಕೊಂಡು ಹೋದರು. ಸಯನ್ನಿನಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೋಕಲ್. ಅತ್ತೆಯ ತಲೆಯಲ್ಲಿ ಮಾಟುಂಗದ ಮಲ್ಲಿಗೆ, ಮೈಮೇಲೆ ಅಂಚಿನ ಕಾಟನ್ ಸೀರೆ, ಕೈಯಲ್ಲಿ ತರಕಾರಿ ಚೀಲ. ಆ ವೇಷದಲ್ಲಿ ಹೆಂಗಸೊಬ್ಬಳು ಸೀದಾ ತಂಬಾಕಿನ ಅಂಗಡಿಯ ಕಟ್ಟೆ ಹತ್ತಿದರೆ ಬೀದಿಯ ಗಂಡಸರು ಬಿಟ್ಟ ಬಾಯಿ ಮುಚ್ಚುತ್ತಾರೆಯೇ? ನನಗೆ ಭೂಮಿಯೊಳಗೆ ಹೋಗುವ ಹಾಗಾಯಿತು. ಅಂಗಡಿಯವನಿಗೆ ಅಭ್ಯಾಸವಾಗಿತ್ತು. "ಆವೋ ಮಾತಾಜಿ" ಎಂದು ಸ್ಟೂಲು ಕೊಟ್ಟ. ಅಂದು ಅವನ ಹತ್ತಿರ ಹಳೆಯ ದಾಸ್ತಾನು ಸ್ವಲ್ಪ ಇತ್ತಂತೆ, ಬೆಲೆ ಜಾಸ್ತಿ, ಮಾಲು ಒಳ್ಳೆಯದು ಎಂದು ತೋರಿಸಿದ. ಅತ್ತೆ ತಮ್ಮ ಹಿಂದಿಯಲ್ಲಿ ಒಂದೇ ಏಟಿಗೆ ಮುಗಿಸಿದರು: "ಭೈಯಾ, ಪುರಾನಾ ಮತ್ ದೇವ್. ನಯಾ ದೇವ್. ಪುರಾನಾ ಹಮ್ ಘರ್ ಮೇ ಕರೇಗಾ." ಹೊಸದೇ ಕೊಡಬೇಕಂತೆ, ಹಳೆಯದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರಂತೆ! ಅಂಗಡಿಯವನು ಎರಡೂ ಕೈ ಎತ್ತಿ ನಕ್ಕುಬಿಟ್ಟ. ಅಲ್ಲಿಂದ ಪಕ್ಕದ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ. ಸಿಗಾರಿನ ಕಟ್ಟು ಮೇಜಿನ ಮೇಲಿಟ್ಟುಕೊಂಡು, ಚಟ್ನಿಗೆ ನೀರು ಹೆಚ್ಚಾಗಿದೆ ಎಂದು ಮಾಣಿಯನ್ನು ವಿಚಾರಿಸಿಕೊಂಡರು.

ಜಾಡಿಯ ಬುದ್ಧಿಯನ್ನು ಅವರು ಎಲ್ಲದಕ್ಕೂ ಬಳಸುತ್ತಿದ್ದರು. ನಾನು ಸ್ವಭಾವದಲ್ಲಿ ದಡಬಡಿ. ಒಂದು ಸಲ ಕಚೇರಿಯಲ್ಲಿ ಮೇಲಿನವನ ಜೊತೆ ಜಗಳವಾಡಿ, ನಾಳೆಯೇ ರಾಜೀನಾಮೆ ಎಂದು ಚಪ್ಪಲಿ ಬಿಡುವ ಮೊದಲೇ ಕೂಗಿಕೊಂಡು ಬಂದೆ. ಅತ್ತೆ ಕಾಫಿ ಲೋಟ ಕೈಗಿಟ್ಟು, "ಜಾಡೀಲಿ ಹಾಕಿಡು, ಮುಂದಿನ ತಿಂಗಳು ತೆಗೆದು ಮೂಸಿ ನೋಡು" ಎಂದರು. ಮುಂದಿನ ತಿಂಗಳ ಹೊತ್ತಿಗೆ ಆ ಮೇಲಿನವನಿಗೇ ವರ್ಗವಾಗಿತ್ತು. ಇಂದಿಗೂ ಅದೇ ಕಚೇರಿಯಲ್ಲಿದ್ದೇನೆ. ನನ್ನ ಈ ಅನ್ನ ಅವರು ಉಳಿಸಿಕೊಟ್ಟದ್ದು, ಅದನ್ನು ಹೇಳಲೇಬೇಕು.

ಮಾವನ ಆರೋಗ್ಯಕ್ಕೆ ಅತ್ತೆ ಇಷ್ಟೆಲ್ಲ ಹೆಣಗುತ್ತಾರಲ್ಲ ಎಂದು ನನಗೆ ಮೊದಮೊದಲು ಕರುಳು ಚುರ್ರೆನ್ನುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಒತ್ತು ಶಾವಿಗೆಗೆ ಹಿಟ್ಟು ನಾದುತ್ತಿದ್ದರು.

"ಅತ್ತೀ, ಮಾವನ ಮ್ಯಾಲೆ ಎಷ್ಟು ಜೀವ ಇಟ್ಟೀರಿ ನೀವು."

"ಜೀವನೂ ಇಲ್ಲ, ಗೀವನೂ ಇಲ್ಲ. ನಾನು ಮೊದಲು ಹೋಗಬೇಕು ಕಣೇ, ಅಷ್ಟೇ. ನನಗಿಂತ ಒಂದು ದಿನ ಜಾಸ್ತಿ ಇವರು ಇರಲಿ, ಸಾಕು."

ನನಗೆ ಪಿತ್ತ ನೆತ್ತಿಗೇರಿತು. ಮುತ್ತೈದೆಯಾಗಿ ಹೋಗಬೇಕು ಎನ್ನುವ ಮಾತು ಕೇಳಿದರೆ ನನಗೆ ಹಾಗೇ. "ಇದೆಂಥಾ ಆಸೆ ರೀ ಅತ್ತೀ ನಿಮ್ದು? ಈಗ ಯಾವ ಕಾಲ? ಹಂಗೇನರ ಆದ್ರ ಕುಂಕುಮ ತಗೀರಿ ಅಂತ ಯಾರು ಅಂತಾರ ನಿಮಗ? ನಾ ಬಿಡ್ತೀನೇನು?"

ಅವರು ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ನಮ್ಮಮ್ಮನಿಗೆ ನಾನು ಲಂಗ ಹಾಕ್ಕೊಳ್ಳೋ ವಯಸ್ಸಿನಲ್ಲೇ ಕುಂಕುಮ ಹೋಯಿತು. ಒಂದು ಹೊತ್ತು ಊಟ. ಯಾರದಾದರೂ ಮದುವೆ ಅಂದ್ರೆ ಹಿಂದಿನ ಕೋಣೇಲಿ ಕೂರಬೇಕು. ನಾನು ಎಲೇಲಿ ಹೋಳಿಗೆ ಕಟ್ಟಿಕೊಂಡು ಹೋಗಿ ಕೊಡ್ತಿದ್ದೆ. ನೀನು ಕಾಲ ಬದಲಾಗಿದೆ ಅಂತೀಯ. ಆಗಿರಬಹುದು, ನಾನೇನು ಇಲ್ಲ ಅಂದೆನಾ? ನನಗೆ ಅದನ್ನ ಪರೀಕ್ಷೆ ಮಾಡಿ ನೋಡೋ ಮನಸ್ಸಿಲ್ಲ, ಅಷ್ಟೇ."

ಆ ಆಸೆ ಸರಿಯೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಆದರೆ ಹಿಂದಿನ ಕೋಣೆಯ ಬಾಗಿಲಲ್ಲಿ ಹೋಳಿಗೆ ಹಿಡಿದು ನಿಂತ ಹುಡುಗಿಗೆ ಏನೆಂದು ಹೇಳಲಿ? ಅಂದಿನಿಂದ ಅಟ್ಟದ ಜಾಡಿಗಳನ್ನು ನೋಡಿದರೆ ನನಗೆ ಭಯವೂ ಆಗುತ್ತಿತ್ತು. ಒಬ್ಬ ಮನುಷ್ಯನ ದಿನಗಳನ್ನು ಅವರು ಅಲ್ಲಿ ಉಪ್ಪು ಹಾಕಿ ಕಾಯುತ್ತಿದ್ದರು.

ಅದಾಗಿ ಕೆಲವು ವರ್ಷಗಳ ಮೇಲೆ ಒಂದು ಮೇ ತಿಂಗಳು ಅತ್ತೆಯ ಅಕ್ಕ ಮೈಸೂರಿನಿಂದ ಬಂದರು. ದೊಡ್ಡಮ್ಮ ಎನ್ನುತ್ತಿದ್ದೆವು. ಕೆಲಸದಲ್ಲಿ ರಾಕ್ಷಸಿ, ಮನಸ್ಸಿನಲ್ಲಿ ಬೆಣ್ಣೆ. ಮಳೆಗಾಲಕ್ಕೆ ಮೊದಲು ಮನೆಯ ಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು, ಹಾಸಿಗೆ, ರೇಷ್ಮೆ ಸೀರೆ, ಎಲ್ಲಕ್ಕೂ ಒಂದು ಬಿಸಿಲು ಕಾಣಿಸಬೇಕು ಎನ್ನುವುದು ಆ ಕಾಲದವರ ಶಾಸ್ತ್ರ. ಬಿಸಿಲಿಗೆ ಬಿದ್ದದ್ದು ಕೆಡುವುದಿಲ್ಲ ಎಂದು ಅವರ ನಂಬಿಕೆ. ಒಂದು ಭಾನುವಾರ ನಾವೆಲ್ಲ ಬೊರಿವಲಿಗೆ ಮದುವೆಗೆ ಹೋದೆವು. ಮಂಡಿನೋವು ಎಂದು ದೊಡ್ಡಮ್ಮ ಉಳಿದರು. ಮಂಡಿನೋವಿದ್ದವರು ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದ್ದು ಹೇಗೋ ದೇವರೇ ಬಲ್ಲ.

ಸಂಜೆ ಬಂದಾಗ ಅಡುಗೆಮನೆಯಲ್ಲಿ ಜಾಡಿಗಳೆಲ್ಲ ತೊಳೆದು ಬೋರಲು ಬಿದ್ದಿದ್ದವು. ದೊಡ್ಡಮ್ಮ ಹೆಮ್ಮೆಯಿಂದ, "ಏನೇ ಇದು, ಜಾಡಿ ತುಂಬ ಮುಗ್ಗಲು ಹಿಡಿಸಿಟ್ಟಿದ್ದೀಯ? ಬೆಳಿಗ್ಗೆಯೇ ಎಲ್ಲ ತಾರಸಿಗೆ ಹಾಕಿದೆ. ಗರಿಗರಿ ಆಗಿದೆ ನೋಡು" ಎಂದರು. ತಾರಸಿಗೆ ಓಡಿದೆವು. ಹಳೆಯ ಪಂಚೆಯ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಸಿಗಾರು. ಮೇ ತಿಂಗಳ ಕಾದ ಸಿಮೆಂಟಿನ ಮೇಲೆ ಇಡೀ ಹಗಲು. ಮೇಲಿನ ಎಲೆ ಸೀಳಿ ಸುರುಳಿ ಬಿಚ್ಚಿತ್ತು. ಅತ್ತೆ ಒಂದನ್ನು ಎತ್ತಿದರು, ಬೆರಳಿನಲ್ಲೇ ಪುಡಿಯಾಯಿತು.

ಅಕ್ಕನನ್ನು ಅವರು ಬೈಯಲಿಲ್ಲ. "ಬಿಸಿಲಲ್ಲಿ ಎಷ್ಟು ಕಷ್ಟಪಟ್ಟೆ, ಕೂತ್ಕೋ ಅಕ್ಕಾ, ಕಾಫಿ ಕೊಡ್ತೀನಿ" ಎಂದರು. ಕಾಫಿ ಕೊಟ್ಟು, ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತುಬಿಟ್ಟರು. ಅತ್ತೆ ಹೆದರಿದ್ದನ್ನು ನಾನು ನೋಡಿದ್ದು ಆ ಒಂದು ಸಲ. "ಇನ್ನು ಇವರು ಅಂಗಡಿಯದಕ್ಕೇ ಹೋಗ್ತಾರೆ ಕಣೇ" ಎಂದರು ಮೆಲ್ಲಗೆ. "ಮತ್ತೆ ಏಳೆಂಟು ಶುರು. ಹೊಸದು ಹಾಕಿದರೆ ಮಾಗೋಕೆ ಎರಡು ವರ್ಷ. ಆ ಎದೆ ಅಷ್ಟು ತಡೆಯುತ್ತಾ?"

ನಾನು ಅವರ ಕೈ ಹಿಡಿದುಕೊಂಡೆ.

ಅವರು ಹೆದರಿದ ಹಾಗೇ ಆಯಿತು. ವಾರ ಕಳೆಯುವ ಮೊದಲು ಮಾವ ಬೆಳಿಗ್ಗೆ ಅಂಗಿ ಹಾಕಿಕೊಂಡು ಹೊರಟವರು ಮಧ್ಯಾಹ್ನ ಕಾಗದದ ಕಟ್ಟಿನ ಸಮೇತ ಬಂದರು. ಯಾರ ಮುಖವನ್ನೂ ನೋಡದೆ ಬಾಲ್ಕನಿಗೆ ಹೋಗಿ ಹಚ್ಚಿದರು. ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ಒಲೆ ಆರಿಸಿ ಬಾಗಿಲಿಗೆ ಬಂದು ನಿಂತರು. ಮಾವ ಒಂದು ದಮ್ಮು ಎಳೆದರು. ಇನ್ನೊಂದು ಎಳೆದರು. ಕೆಮ್ಮು ಬಂತು. ತಿರುಗಿ ಅತ್ತೆಯ ಮುಖ ನೋಡಿದರು. ಮಾವ ಆ ಸಿಗಾರನ್ನು ಹೊಸಕಿ, "ಥೂ, ಇದನ್ನ ಮನುಷ್ಯರು ಸೇದ್ತಾರೇನೇ?" ಎಂದು ಉಳಿದ ಕಟ್ಟನ್ನು ಅತ್ತೆಯ ಕೈಗೆ ಕೊಟ್ಟರು. "ಹಾಕಿಡು ಜಾಡಿಗೆ."

ಅತ್ತೆಯ ಮುಖ ಅರಳಿದ್ದನ್ನು ಹೇಗೆ ಹೇಳಲಿ! ಒಳಗೆ ಬಂದು ನನ್ನ ಕಿವಿಯಲ್ಲಿ, "ನಾಲಿಗೆ ಕಲಿತುಬಿಟ್ಟಿದೆ ಕಣೇ, ಇನ್ನು ಕೆಳಗಿಳಿಯಲ್ಲ" ಎಂದರು. ಅಂದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಯಾರೂ ಮಾತಾಡದೆ ಉಂಡೆವು.

ಬಿರುಕುಬಿಟ್ಟವುಗಳಲ್ಲಿ ಅರ್ಧ ಎಸೆಯಬೇಕಾಯಿತು. ಉಳಿದರ್ಧವನ್ನು ಅತ್ತೆ ಬಾಣಂತನ ಮಾಡಿದ ಹಾಗೆ ಮಾಡಿದರು. ಒಣಗಿದ್ದಕ್ಕೆ ಒಮ್ಮೆಗೇ ತೇವ ಕೊಟ್ಟರೆ ಎಲೆ ಉಬ್ಬಿ ಒಡೆಯುತ್ತದೆ. ಅದಕ್ಕೆ ಮೊದಲು ಬರೀ ಜಾಡಿಯಲ್ಲಿಟ್ಟರು, ಆಮೇಲೆ ಚೂರೇ ಚೂರು ಒದ್ದೆ ಉಪ್ಪು, ಆಮೇಲೆ ಇನ್ನಷ್ಟು. ಜೂನ್ ಹೋಯಿತು, ಗಣಪತಿ ಹಬ್ಬ ಹೋಯಿತು. ಅಷ್ಟು ದಿನವೂ ಮಾವ ಊಟದ ಮೇಲೆ ಖಾಲಿ ಕೈಯಲ್ಲಿ ಬಾಲ್ಕನಿಯಲ್ಲಿ ಕೂತರು. ಕೊತ್ತಂಬರಿ ಬೀಜ ಅಗಿದರು, ಲವಂಗ ಅಗಿದರು, ನಮ್ಮ ಮೇಲೆ ರೇಗಿದರು, ಸೇದಲಿಲ್ಲ. ನವರಾತ್ರಿಯ ಹೊತ್ತಿಗೆ ಮೊದಲನೆಯದು ಸಿಕ್ಕಿತು. ಸುವಾಸನೆ ಅರ್ಧಕ್ಕರ್ಧ ಹಾರಿಹೋಗಿತ್ತಂತೆ. ಆದರೂ ಕೊನೆಯ ಚೂರಿನವರೆಗೆ ಸೇದಿದರು. ಆಮೇಲೆ ಅತ್ತೆ ಇದ್ದಷ್ಟು ಕಾಲವೂ ದಿನಕ್ಕೊಂದೇ.

ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ತಾನು ಮೊದಲು ಹೋದರೆ ಈ ಗಂಡಸು ಏನು ತಿನ್ನಬೇಕು? ಮಾವನನ್ನು ಅಡುಗೆಮನೆಗೆ ಕರೆದು ಪಾಠ ಶುರುಮಾಡಿದರು. ಫಿಲ್ಟರಿಗೆ ಕಾಫಿಪುಡಿ ಒತ್ತಬಾರದು, ಸವರಬೇಕು. ಹಾಲು ಉಕ್ಕುವ ಮೊದಲು ಹಿಸ್‌ ಎನ್ನುತ್ತದೆ, ಕಿವಿ ಕೊಟ್ಟಿರಬೇಕು. "ನಾನೇನು ನಿನ್ನ ಹೋಟೆಲ್ ಮಾಣಿಯೇನೇ?" ಎಂದು ಮಾವ ಸಿಡುಕುವುದು, "ಸ್ವಂತ ಹೋಟೆಲು, ನೀವೇ ಮಾಲೀಕರು, ಬೇಗ ಲೋಟ ತೊಳೀರಿ" ಎಂದು ಅತ್ತೆ ರೇಗಿಸುವುದು. ಒಂದು ತಿಂಗಳಲ್ಲಿ ಮಾವನ ಕಾಫಿ ಅತ್ತೆಯದಕ್ಕಿಂತ ಚೆನ್ನಾಗಿ ಬರತೊಡಗಿತು. ಅದು ಅತ್ತೆಗೆ ಒಂಚೂರು ಹಿಡಿಸಲಿಲ್ಲ.

ಎರಡು ವರ್ಷದ ಹಿಂದೆ, ಎದೆ ಹಿಡಿದ ಹಾಗಾಗಿದೆ ಎಂದು ಅತ್ತೆ ಬೆಳಿಗ್ಗೆ ಹೇಳಿದರು. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಮೂರನೆಯ ದಿನ ಎಲ್ಲ ಮುಗಿಯಿತು. ಕೊನೆಯ ಸಂಜೆ ನನ್ನನ್ನು ಹತ್ತಿರ ಕರೆದು, "ಇವರು ಊಟ ಮಾಡಿದ್ರಾ?" ಎಂದು ಕೇಳಿದರು. ಹೂಂ ಎಂದೆ. "ಸೇದಿದ್ರಾ?" ಎಂದರು. ಒಂದು ಎಂದೆ. ಸಮಾಧಾನದಿಂದ ಕಣ್ಣು ಮುಚ್ಚಿದರು.

ಮನೆಗೆ ತಂದ ಮೇಲೆ ಹಸಿರು ಸೀರೆ ಉಡಿಸಿದರು, ಕೈತುಂಬ ಬಳೆ ತೊಡಿಸಿದರು, ತಲೆತುಂಬ ಹೂ ಮುಡಿಸಿದರು. ಬಿಲ್ಡಿಂಗಿನ ಹೆಂಗಸರೆಲ್ಲ ಬಂದು ಕಾಲು ಮುಟ್ಟಿ, ಪುಣ್ಯವಂತೆ, ಮುತ್ತೈದೆ ಸಾವು ಎಂದು ಹೇಳಿ ಹೋದರು. ಮಾವ ಗೋಡೆಯ ಪಕ್ಕ ನಿಂತಿದ್ದರು. ಡಾಕ್ಟರು ಹೆಚ್ಚು ವರ್ಷ ಇಲ್ಲ ಎಂದಿದ್ದ ಆ ಮನುಷ್ಯ, ಎಂಬತ್ತು ದಾಟಿ, ನೆಟ್ಟಗೆ ನಿಂತಿದ್ದರು. ನಾನು ಹತ್ತಿರ ಹೋದಾಗ ಒಂದೇ ಮಾತು ಹೇಳಿದರು: "ಗೆದ್ದಳು ನೋಡಮ್ಮ."

ಅವರು ಅದಾದ ಮೇಲೆ ಸಿಗಾರು ಕೇಳಲಿಲ್ಲ. ಜಾಡಿಗಳು ಅಟ್ಟದ ಮೇಲೆ ತುಂಬಿಯೇ ಇದ್ದವು. ನಾನು ಉಪ್ಪು ಬದಲಿಸುತ್ತಿದ್ದೆ, ಯಾಕೆಂದು ನನಗೇ ಗೊತ್ತಿರಲಿಲ್ಲ. ಅತ್ತೆಯ ಮೇಲೆ ನನಗೆ ಸಿಟ್ಟೂ ಇತ್ತು. ತನ್ನ ಹೆದರಿಕೆಗೆ ಈ ಮುದುಕನನ್ನು ಒಂಟಿಯಾಗಿ ಉಳಿಸಿ ಹೋದರಲ್ಲ ಎಂದು. ಒಂದು ಬೆಳಿಗ್ಗೆ ಮಾವ ಬಾಲ್ಕನಿಯಲ್ಲಿ ಸುಮ್ಮನೆ ಕೂತದ್ದನ್ನು ನೋಡಲಾರದೆ, ಜಾಡಿ ಇಳಿಸಿ, ಒಂದು ಸಿಗಾರನ್ನು ಮೂಸಿದೆ. ಘಾಟು ಇಲ್ಲ, ಸಿಹಿ ಎದ್ದಿದೆ. ಬೆಂಕಿಪೊಟ್ಟಣದ ಜೊತೆ ತಂದು ಮುಂದಿಟ್ಟೆ.

"ಸೇದ್ರಿ ಮಾವಾ. ಹದ ಬಂದೇದ. ಈಗ ಯಾರ ಅಂಜಿಕಿ? ಒಂದಲ್ಲ, ಎಂಟು ಸೇದ್ರಿ."

ಮಾವ ಅದನ್ನು ತೆಗೆದುಕೊಂಡು ಬೆರಳಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟರು.

"ರುಚಿಗೆ ಅಂತ ನಾನು ಒಂದಕ್ಕೆ ನಿಂತೆ ಅಂದ್ಕೊಂಡಿದ್ದೀಯಾ?" ಎಂದರು. "ರುಚಿ ಇತ್ತಮ್ಮ, ಸುಳ್ಳು ಹೇಳಲ್ಲ. ಅವಳ ಮೂಗು ದೊಡ್ಡದು. ಆದ್ರೆ ಬರೀ ರುಚಿಗೆ ಅಂತ ಯಾವ ಚಟದವನಾದ್ರೂ ಅಷ್ಟು ವರ್ಷ ಕೈ ಕಟ್ಕೊಂಡು ಕೂರ್ತಾನಾ? ನಿಂಗೆ ಹೇಳಿದ್ದನ್ನ ನಂಗೂ ಹೇಳಿದ್ದಳು, ಮದುವೆಯಾದ ವರ್ಷವೇ. ಅವಳಮ್ಮನ ಕೋಣೆ ನಾನೂ ನೋಡಿದೀನಿ."

ನಾನು ಬೆಂಕಿಪೊಟ್ಟಣವನ್ನು ವಾಪಸು ತೆಗೆದುಕೊಂಡೆ.

"ಒಂದು ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ನಾನು ಮೊದಲು ಹೋಗ್ತೀನಿ ರೀ, ನೀವು ಆಮೇಲೆ ಬನ್ನಿ ಅಂತ ಅದೊಂದೇ ಕೇಳಿದ್ದು. ಕೊಡೋಕೆ ಆಗಲ್ಲ ಅನ್ನೋಕಾಗುತ್ತಾ? ಕೊಟ್ಟೆ. ಕೊಟ್ಟ ಮೇಲೆ ಇಷ್ಟು ಕಷ್ಟ ಇರುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ ಕಣಮ್ಮ."

ಕಣ್ಣೊರೆಸಿಕೊಂಡರು. ಆಮೇಲೆ ಎದ್ದು, ಮೊಳೆಗೆ ನೇತುಹಾಕಿದ್ದ ಚೀಲ ತೆಗೆದುಕೊಂಡು, "ಹಾಲು ತರ್ತೀನಿ, ನೀನು ಆಫೀಸಿಗೆ ಹೊರಡು" ಎಂದು ಮೆಟ್ಟಿಲು ಇಳಿದು ಹೋದರು.